ದೋರಸಮುದ್ರ: ನೀರನ್ನು ನಂಬಿದ ರಾಜಧಾನಿ

ಹಾಸನ ಜಿಲ್ಲೆಗೆ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಶಿಲ್ಪಗಳನ್ನು ಕಂಡು ಹಿಂದಿರುಗುವರು. ನೀರಿನತ್ತ ಅವರ ದೃಷ್ಟಿ ಹರಿಯುವುದು ವಿರಳ. ಆದರೆ ಇಲ್ಲಿಯ ಊರುಗಳ ಹೆಸರುಗಳೇ ನೀರಿನ ಕಥೆಯನ್ನು ಸಾರುತ್ತವೆ. ಅರಸಿಯ ಕೆರೆಯೇ ಅರಸೀಕೆರೆ. ಹಳೇಬೀಡಿನ ಪ್ರಾಚೀನ ನಾಮಧೇಯ ದೋರಸಮುದ್ರ.

ಬೇಲೂರು ಯಗಚಿಯ ದಡದಲ್ಲಿದೆ. ಬಾಬಾಬುಡನ್ ಗಿರಿಗಳ ಕಡೆಯಿಂದ ಹರಿದು ಬರುವ ಈ ನದಿಯು ಹೇಮಾವತಿಯನ್ನು ಕೂಡಿ, ಆ ಮೂಲಕ ಕಾವೇರಿಯನ್ನು ಸೇರುತ್ತದೆ. ಊರಿನ ಸಮೀಪದ ಯಗಚಿ ಜಲಾಶಯದಲ್ಲಿ ದೋಣಿವಿಹಾರ ಮಾಡುವವರು ನದಿಗೆ ಅಡ್ಡಗಟ್ಟಿದ ನೀರಿನ ಹರವನ್ನು ಕಣ್ಣಾರೆ ಕಾಣಬಹುದು. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು ಈ ಯಗಚಿಯ ಊರಿನಲ್ಲಿಯೇ.

ಅಲ್ಲಿಂದ ಸುಮಾರು 16 ಕಿಲೋಮೀಟರು ದೂರದ ಹಳೇಬೀಡಿನ ಸ್ಥಿತಿ ಬೇರೆ. ಊರಿನ ಮಗ್ಗುಲಲ್ಲಿ ನದಿಯಿಲ್ಲ. ಇಳಿಜಾರಿನ ಮಳೆಯ ನೀರನ್ನು ಏರಿ ತಡೆಯಬೇಕು, ತೂಬು ಗದ್ದೆಗೆ ಬಿಡಬೇಕು, ಹೆಚ್ಚಿದ್ದನ್ನು ಕೋಡಿ ಹೊರಹಾಕಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ ಕೆರೆ ಕೆಟ್ಟಂತೆಯೇ. ಈ ಕೆರೆಯು ಹೊಯ್ಸಳರಿಗಿಂತ ಹಿಂದಿನದು, ರಾಷ್ಟ್ರಕೂಟರ ಕಾಲದ್ದು ಎಂಬುದು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ರಾಜಧಾನಿಗಾಗಿ ಕೆರೆ ಹುಟ್ಟಲಿಲ್ಲ. ಕೆರೆಯಿದ್ದೆಡೆಗೆ ರಾಜಧಾನಿ ಬಂದಿತು.

1121ರ ಸುಮಾರಿಗೆ ನಿರ್ಮಾಣಗೊಂಡ ಹೊಯ್ಸಳೇಶ್ವರ ದೇವಾಲಯವು ಪೂರ್ವಾಭಿಮುಖವಾಗಿದೆ, ಕೆರೆಯಿರುವುದೂ ಪೂರ್ವದಲ್ಲಿಯೇ. ನೀರಿನ ಕಡೆಯಿಂದ ನೋಡುವವರಿಗೆ ಮೊದಲು ನಂದಿಮಂಟಪಗಳು, ಅವುಗಳ ಹಿಂದೆ ಶಿಖರವಿಲ್ಲದ ಗುಡಿ ತೋರುವುದು. ರಸ್ತೆಯಿಂದ ಬಂದವರು ಮೊದಲು ಕಾಣುವುದು ಗುಡಿಯ ಬೆನ್ನನ್ನು. ಅದರ ಮುಖವಿರುವುದು ನೀರಿನತ್ತ.

1311ರಲ್ಲಿ ಮಲ್ಲಿಕಾಫರನ ಸೈನ್ಯವು ದೋರಸಮುದ್ರದ ಮೇಲೆ ದಂಡೆತ್ತಿ ಬಂದಿತು. ಆ ಶತಮಾನದಲ್ಲಿಯೇ ಹೊಯ್ಸಳರ ಆಳ್ವಿಕೆ ಕೊನೆಗೊಂಡು, ಸಮುದ್ರವೆನಿಸಿದ ಪಟ್ಟಣ ‘ಹಳೆಯ ಬೀಡು’ ಆಯಿತು. ಅರಮನೆ ಅಳಿಯಿತು, ಕೆರೆ ಉಳಿಯಿತು. ಅರಸರ ಬೊಕ್ಕಸದಲ್ಲಿದ್ದುದು ಕೊಳ್ಳೆಹೋದರೂ ಕೆರೆಯ ನೀರು ರೈತನ ಪಾಲಿಗೆ ಉಳಿಯಿತು.

2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಗುಡಿಯನ್ನು ಕಾಯುವವರು ಕೆರೆಯನ್ನು ಮರೆಯಲಾಗದು. ಶಿಲೆಯನ್ನು ಶತಮಾನಕ್ಕೊಮ್ಮೆ ದುರಸ್ತಿ ಮಾಡಿದರೂ ನಡೆದೀತು. ಹೂಳನ್ನು ತಲೆಮಾರಿಗೊಮ್ಮೆಯಾದರೂ ತೆಗೆಯಲೇಬೇಕು. ಮುಂದಿನ ಪ್ರವಾಸದಲ್ಲಿ ವಿದ್ಯಾರ್ಥಿಗಳು ಗುಡಿಯ ಪ್ರದಕ್ಷಿಣೆಯಾದ ಮೇಲೆ ಕೆರೆಯ ಏರಿಯ ಮೇಲೆಯೂ ಸ್ವಲ್ಪ ಹೊತ್ತು ನಿಲ್ಲಲಿ. ನಾಡನ್ನು ಕಟ್ಟಿದ ಕೈಗಳಲ್ಲಿ ಉಳಿಯ ಜೊತೆಗೆ ಗುದ್ದಲಿಯೂ ಇತ್ತೆಂಬುದು ಅಲ್ಲಿ ಮನವರಿಕೆಯಾಗುವುದು.