ಸಾಲ ತೀರಿತು, ಲೆಕ್ಕ ತೀರಿತೇ?

ನೋಡಪ್ಪ, ನಮ್ಮ ಕೋಲಾರದ ಕಡೆಯ ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸಕ್ಕೆ ಸೇರಿದ ನಿನ್ನ ವಯಸ್ಸಿನವರು ಸಂಬಳ ಕೈಗೆ ಬರುತ್ತಲೇ ಕಂತಿನಲ್ಲಿ ಫೋನು, ಸಾಲದಲ್ಲಿ ಬೈಕು ತರುತ್ತೀರಿ. ತಪ್ಪೇನಿಲ್ಲ, ದುಡಿಯುವ ಕೈ. ಆದರೆ ಕೊನೆಯ ಕಂತು ಕಟ್ಟಿದ ಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ, ಅದಕ್ಕೆ ಈ ಮಾತು. ನಾಳೆ ಊರಲ್ಲಿ ಮನೆ ಕಟ್ಟಲು ಪಾಯ ತೋಡಿಸಿ ಬ್ಯಾಂಕಿಗೆ ಹೋದಾಗ ‘ಸಿಬಿಲ್‌ನಲ್ಲಿ ಬಾಕಿ ತೋರಿಸ್ತಿದೆ’ ಅಂದರೆ ಎಲ್ಲಿಗೆ ಓಡುತ್ತೀ? ಸಾಲ ಬೇಕಾಗುವ ಮೊದಲೇ ನಿನ್ನ ಸಾಲದ ವರದಿ ತೆಗೆಸಿ ನೋಡಿಕೋ.

ಯಾರು ಎಷ್ಟು ಸಾಲ ತೆಗೆದರು, ಹೇಗೆ ಕಟ್ಟಿದರು ಅನ್ನುವ ಲೆಕ್ಕ ಇಟ್ಟು ವರದಿ ಕೊಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿಯೊಂದೂ ಪುಕ್ಕಟೆ ಕೊಡಬೇಕು. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು, ನಾಲ್ಕನ್ನೂ ನೋಡು.

ವರದಿಯಲ್ಲಿ 300ರಿಂದ 900ರೊಳಗಿನ ಅಂಕವನ್ನಷ್ಟೇ ನೋಡಿ ಮುಚ್ಚಿಡಬೇಡ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ನಂಬರನ್ನು ಅಕ್ಷರ ಬಿಡದೆ ಓದು. ನಮ್ಮ ಕೋಲಾರದ ಕಡೆ ಹಳ್ಳಿಗೆ ನಾಲ್ಕು ಜನ ನಾರಾಯಣಸ್ವಾಮಿ, ಮೂರು ಜನ ಮುನಿಯಪ್ಪ. ಅದರಲ್ಲೂ ಆಧಾರ್‌ನಲ್ಲಿ ‘ನಾರಾಯಣ ಸ್ವಾಮಿ’, ಪ್ಯಾನ್‌ನಲ್ಲಿ ‘ನಾರಾಯಣಸ್ವಾಮಿ’, ಪಾಸ್‌ಬುಕ್‌ನಲ್ಲಿ ‘ಎಂ.ಎನ್. ಸ್ವಾಮಿ’. ಒಬ್ಬನ ಬಾಕಿ ಇನ್ನೊಬ್ಬನ ತಲೆಗೆ ಕಟ್ಟಲು ಇಷ್ಟು ಸಾಕು. ಆಮೇಲೆ ಒಂದೊಂದು ಸಾಲವನ್ನೂ ನೋಡು: ನೀನು ತೆಗೆದದ್ದೇ ಹೌದೇ, ತೀರಿಸಿದ್ದು ‘ಕ್ಲೋಸ್ಡ್’ ಅಂತ ಇದೆಯೇ, ಸಮಯಕ್ಕೆ ಕಟ್ಟಿದ ತಿಂಗಳಲ್ಲಿ ತಡ ಅಂತ ಬರೆದಿದೆಯೇ? ಗೆಳೆಯನಿಗೆ ಹಾಕಿದ ಜಾಮೀನು ಸಹಿಯೂ ಅಲ್ಲಿ ಕಾಣಿಸೀತು, ಗಾಬರಿಯಾಗಬೇಡ. 2025ರ ಜನವರಿಯಿಂದ ಬ್ಯಾಂಕು, ಫೈನಾನ್ಸ್‌ಗಳು ಈ ವರದಿ ಕಂಪನಿಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸಬೇಕು. ತೀರಿಸಿ ಎರಡು ತಿಂಗಳಾದರೂ ಬಾಕಿ ಅಂತಲೇ ಇದ್ದರೆ ಸುಮ್ಮನಿರಬೇಡ.

ತಪ್ಪು ಕಂಡರೆ ಆ ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲಿ ತಕರಾರು ಹಾಕು, ಅದಕ್ಕೆ ಕಾಸು ಕೊಡಬೇಕಿಲ್ಲ. ಆದರೆ ಸಾಲ ಕೊಟ್ಟವರು ಒಪ್ಪದೆ ವರದಿ ಕಂಪನಿಯವರು ಒಂದಕ್ಷರ ತಿದ್ದುವುದಿಲ್ಲ. ಆದ್ದರಿಂದ ಸಾಲ ಕೊಟ್ಟ ಕಡೆಗೂ ಅದೇ ದಿನ ಅರ್ಜಿ ಕೊಡು. ನೋ ಡ್ಯೂ ಪತ್ರ, ಕೊನೆಯ ಕಂತಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟ, ಇಷ್ಟನ್ನೂ ಲಗತ್ತಿಸು. ಕೌಂಟರಿನವರು ‘ಆಯ್ತು, ಮಾಡ್ತೀವಿ ಹೋಗಪ್ಪ’ ಅಂದರೆ ಎದ್ದು ಬರಬೇಡ. ನಿನ್ನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೋ. ಬೈಕಿನ ಸಾಲವಾದರೆ 35ನೇ ನಮೂನೆಯನ್ನೂ ಕೇಳಿ ತಗೋ, ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಲು ಬೇಕು.

ಸೀಲಿನ ಜೊತೆ ಹಾಕಿಸಿದ ಆ ತಾರೀಖಿಗೆ ಬೆಲೆ ಇದೆ. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದ ಪ್ರಕಾರ ತಕರಾರು 30 ದಿನದೊಳಗೆ ಇತ್ಯರ್ಥವಾಗಬೇಕು. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿನಗೆ ಸೇರಬೇಕು. ಸಾಲ ಕೊಟ್ಟವರು 21 ದಿನದೊಳಗೆ ಉತ್ತರ ಕಳಿಸದಿದ್ದರೆ ದಂಡ ಅವರದು, ಅವರು ಸಮಯಕ್ಕೆ ಕಳಿಸಿಯೂ ತಡವಾದರೆ ವರದಿ ಕಂಪನಿಯದು. ತಿರಸ್ಕರಿಸಿದರೂ ಕಾರಣ ತಿಳಿಸಲೇಬೇಕು. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡು. ವಿಚಾರಿಸಲು 14448ಕ್ಕೆ ಫೋನ್ ಮಾಡು. ಬಾಯಿಮಾತಿನ ಜಗಳಕ್ಕೆ ಅಲ್ಲಿ ಜಾಗವಿಲ್ಲ, ಸೀಲು ಬಿದ್ದ ಪ್ರತಿಗೆ ಇದೆ.

ಇನ್ನೆರಡು ಮಾತು. ‘ಎರಡು ಸಾವಿರ ಕಟ್ಟಿಬಿಡಿ, ಮುಗಿಸ್ತೀವಿ’ ಅಂತ ವಸೂಲಿಯವರು ಫೋನ್ ಮಾಡುತ್ತಾರೆ. ನಿನ್ನದಲ್ಲದ ಬಾಕಿಗೆ ರಾಜಿಯಾಗಿ ಕಟ್ಟಿದೆಯೋ, ಆ ಸಾಲ ನಿನ್ನದೇ ಅಂತ ಒಪ್ಪಿಕೊಂಡಂತೆ. ಜೊತೆಗೆ ‘ಸೆಟಲ್ಡ್’ ಅನ್ನುವ ಷರಾ ವರ್ಷಗಟ್ಟಲೆ ಕೂತಿರುತ್ತದೆ. ಹಾಗೆಯೇ ‘ಸಿಬಿಲ್ ಸರಿ ಮಾಡಿಸಿಕೊಡ್ತೀವಿ’ ಅನ್ನುವ ಏಜೆಂಟನ ಹತ್ತಿರ ಸುಳಿಯಬೇಡ, ಓಟಿಪಿಯಂತೂ ಕೊಡಲೇಬೇಡ. ತಪ್ಪು ನಮೂದು ತಿದ್ದಿಸಲು ಅವನಿಗಿಲ್ಲದ ಹಕ್ಕು ನಿನಗೇ ಇದೆ. ನಿಜವಾಗಿ ಉಳಿಸಿಕೊಂಡ ಬಾಕಿಯನ್ನು ಅವನೂ ಅಳಿಸಲಾರ. ಅದಕ್ಕಿರುವ ದಾರಿ ಕಟ್ಟಿ ತೀರಿಸುವುದೊಂದೇ.