ಒಂದೇ ಅಳತೆಗೋಲು ಇರಲಿ

ನೇಕಾರರ ಊರಾದ ಬನಹಟ್ಟಿಯ ನಮ್ಮ ಓಣಿಗಳಲ್ಲಿ ಕನ್ಯಾ ನೋಡಲು ಬಂದವರು ಹುಡುಗಿಯ ಚಪ್ಪಲಿ ಬಿಚ್ಚಿಸಿ ಹುಡುಗನ ಪಕ್ಕ ನಿಲ್ಲಿಸುವುದುಂಟು. ಅವಳು ಎರಡು ಬೆರಳು ಎತ್ತರವಿದ್ದರೆ ‘ಜೋಡಿ ಚಂದ ಕಾಣಂಗಿಲ್ಲ’ ಅಂತಾರೆ. ಹುಡುಗ ಕಪ್ಪಗಿದ್ದರೆ ‘ಗಂಡಸಿಗ್ಯಾಕ ಬಣ್ಣ?’, ಹುಡುಗಿ ಕಪ್ಪಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹುಡುಗ ಗಿಡ್ಡನೆಂದು ನಕ್ಕು ಕಳಿಸುವ ಹೆಣ್ಣಿನ ಮನೆಯವರದೂ ಇದೇ ತಪ್ಪು.

2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮೇ ತನ್ನ ಹೆಸರಿನಿಂದ ‘ಫೇರ್’ ಕೈಬಿಟ್ಟಿತು. ನಾವಿನ್ನೂ ‘ಬೆಳ್ಳಗಿನ ಹುಡುಗಿ ಬೇಕು’ ಅನ್ನುತ್ತಲೇ ಇದ್ದೇವೆ.

ಮಗ್ಗದ ಮುಂದೆ ಕೂತವರಿಗೆ ಗೊತ್ತು, ಹಾಸು-ಹೊಕ್ಕು ಬಿಗಿಯಾಗಿ ಕೂಡಿದರಷ್ಟೇ ಸೀರೆ ಬಾಳುತ್ತದೆ, ನೂಲಿನ ಬಣ್ಣ ಯಾವುದಾದರೇನು? ಸೊಸೆಗೆ ಹಿಡಿಯುವ ಅಳತೆಗೋಲನ್ನು ಮೊದಲು ಮಗನಿಗೆ ಹಿಡಿಯಿರಿ. ಮುಂದಿನ ಸಲ ಹುಡುಗಿಯ ಗುಣ, ಓದು, ಅವಳ ಮನಸ್ಸಿನ ಮಾತು ಕೇಳಿ.