ಪರಮಾಣುವಿನ ಒಳರಚನೆ

ಪರಮಾಣುವನ್ನು ಬರಿಗಣ್ಣಿನಿಂದ ಕಾಣಲಾಗದು. ಅದರ ವ್ಯಾಸ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು. ಅದರ ಒಳರಚನೆಯನ್ನು ವಿಜ್ಞಾನಿಗಳು ಅರಿತದ್ದು ಪ್ರಯೋಗಗಳಿಂದ. ಪ್ರಯೋಗಕ್ಕೆ ಹೊಂದದ ಮಾದರಿಗಳನ್ನು ತಿದ್ದುತ್ತ ಬಂದುದರಿಂದ.

ಜಾನ್ ಡಾಲ್ಟನ್ 1808ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಪರಮಾಣು ಅವಿಭಾಜ್ಯ. ಆದರೆ 1897ರಲ್ಲಿ ಜೆ. ಜೆ. ಥಾಮ್ಸನ್ ಪರಮಾಣುವಿಗಿಂತ ಬಹಳ ಹಗುರವಾದ, ಋಣ ವಿದ್ಯುದಾವೇಶವುಳ್ಳ ಎಲೆಕ್ಟ್ರಾನನ್ನು ಗುರುತಿಸಿದರು. ಧನಾವೇಶದ ಗೋಳದೊಳಗೆ ಎಲೆಕ್ಟ್ರಾನುಗಳು ಹುದುಗಿವೆ ಎಂಬುದು 1904ರ ಅವರ ಮಾದರಿ.

ಅರ್ನೆಸ್ಟ್ ರುದರ್‌ಫೋರ್ಡರ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಲೋಹದ ತೆಳು ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುಪಾಲು ಕಣಗಳು ನೇರವಾಗಿ ಸಾಗಿದವು. ಸಾವಿರಾರು ಕಣಗಳಿಗೊಂದು ಮಾತ್ರ ಹಿಂದಕ್ಕೆ ಪುಟಿಯಿತು. ಗೋಳದ ತುಂಬ ಹರಡಿದ ಆವೇಶವು ಅಷ್ಟು ವೇಗದ ಕಣವನ್ನು ಹಿಂದಿರುಗಿಸಲಾರದು. ಪರಮಾಣುವಿನ ಧನಾವೇಶವೂ ಹೆಚ್ಚುಕಡಿಮೆ ಎಲ್ಲ ದ್ರವ್ಯರಾಶಿಯೂ ನಡುವಿನ ಅತಿಸಣ್ಣ ಬೀಜಕೇಂದ್ರದಲ್ಲಿ ಅಡಕವಾಗಿವೆ ಎಂದು ರುದರ್‌ಫೋರ್ಡ್ 1911ರಲ್ಲಿ ನಿರ್ಣಯಿಸಿದರು.

ಆದರೆ ಸುತ್ತುವ ಎಲೆಕ್ಟ್ರಾನು ಶಕ್ತಿಯನ್ನು ಹೊರಸೂಸಿ ಬೀಜಕೇಂದ್ರಕ್ಕೆ ಬೀಳಬೇಕಲ್ಲವೆ? ಈ ತೊಡಕಿಗೆ ನೀಲ್ಸ್ ಬೋರ್ 1913ರಲ್ಲಿ ನಿಶ್ಚಿತ ಶಕ್ತಿಯ ಕಕ್ಷೆಗಳನ್ನು ಸೂಚಿಸಿದರು. ಅದು ಹೈಡ್ರೊಜನ್ನಿಗೆ ಹೊಂದಿತು, ಹೆಚ್ಚು ಎಲೆಕ್ಟ್ರಾನುಗಳುಳ್ಳ ಪರಮಾಣುಗಳಿಗೆ ಹೊಂದಲಿಲ್ಲ. 1926ರಲ್ಲಿ ಶ್ರೋಡಿಂಗರ್ ನೀಡಿದ ಸಮೀಕರಣವು ಎಲೆಕ್ಟ್ರಾನು ಎಲ್ಲಿ ಕಂಡುಬರಬಹುದೆಂಬ ಸಂಭವನೀಯತೆಯನ್ನಷ್ಟೇ ತಿಳಿಸುತ್ತದೆ. 1932ರಲ್ಲಿ ಚಾಡ್‌ವಿಕ್ ಬೀಜಕೇಂದ್ರದಲ್ಲಿ ಆವೇಶರಹಿತ ನ್ಯೂಟ್ರಾನನ್ನು ಕಂಡುಹಿಡಿದರು.

ಹೀಗೆ ಒಂದೊಂದು ಮಾದರಿಯೂ ತನ್ನ ಕಾಲದ ಪ್ರಯೋಗಗಳಿಗೆ ಉತ್ತರವಾಗಿತ್ತು. ಅದರ ಕೊರತೆಯೇ ಮುಂದಿನ ಮಾದರಿಗೆ ದಾರಿ ತೋರಿತು.